ಉಳಿದ ಆಯುಸ್ಸು ಯಾರ ಖಾತೆಯದು?



ಈ ಸಂಚಿಕೆಯಲ್ಲಿ ಬರೆಯುವವರು ಸಾಮಾನ್ಯವಾಗಿ ವಿದ್ವಾಂಸರು. ನಾನಾದರೋ ಮೆಟ್ರಿಕ್ ಮುಗಿಸಿ ಅಂಗಡಿಯ ಗಾದಿಯ ಮೇಲೆ ಕುಳಿತವನು. ಶಾಸ್ತ್ರಗಳಿಗಿಂತ ಕಿರ್ದಿ, ಖಾತೆಗಳನ್ನೇ ಹೆಚ್ಚು ಓದಿದವನು. ಆದುದರಿಂದ ಈ ಬರಹದಲ್ಲಿ ಲೆಕ್ಕದ ಮಾತು ನಡುನಡುವೆ ನುಸುಳಿದರೆ ಓದುಗರು ಮನ್ನಿಸಬೇಕು. ನಾನು ಎತ್ತಿಕೊಂಡಿರುವ ಪ್ರಶ್ನೆಯೂ ಒಂದು ರೀತಿಯಲ್ಲಿ ಲೆಕ್ಕದ್ದೇ. ಗಂಡಾಂತರದಿಂದ ಪಾರಾಗಿ ಬಂದ ಮನುಷ್ಯನು ಉಳಿದ ಆಯುಸ್ಸನ್ನು ಏನು ಮಾಡಬೇಕು? ಅದು ಯಾರ ಖಾತೆಗೆ ಸೇರಿದ್ದು?

ನಮ್ಮ ಸಮಾಜದ ಮನೆಗಳಲ್ಲಿ ಕನ್ನಡ, ತೆಲುಗು, ಮಾರವಾಡಿ, ಗುಜರಾತಿ ಎಂದು ನಾಲ್ಕು ಭಾಷೆಗಳು ನಡೆಯುತ್ತವೆ. ಆರೋಗ್ಯ ಹೇಗಿದೆ ಎಂದು ನಾಲ್ಕು ಭಾಷೆಗಳಲ್ಲಿಯೂ ಕೇಳುತ್ತೇವೆ. ಆ ಆರೋಗ್ಯದಿಂದ ಏನು ಮಾಡುತ್ತಿದ್ದೀರಿ ಎಂದು ಒಂದು ಭಾಷೆಯಲ್ಲಿಯೂ ಕೇಳುವ ರೂಢಿಯಿಲ್ಲ.

ಕೆಲವು ವರ್ಷಗಳ ಹಿಂದೆ ಹತ್ತಿಯ ಸುಗ್ಗಿಯಲ್ಲಿ, ಆದವಾನಿಯ ಮಾರುಕಟ್ಟೆಯಲ್ಲಿದ್ದಾಗ, ನನ್ನ ಎದೆಯ ಮೇಲೆ ಯಾರೋ ಮೂಟೆಯಿಟ್ಟಂತಾಯಿತು. ಹಮಾಲರು ನೆರಳಿಗೆ ಕರೆದೊಯ್ದು ಕೂಡಿಸಿದರು. ಅಂದೇ ಬಳ್ಳಾರಿಗೂ, ಮರುದಿನ ಬೆಂಗಳೂರಿಗೂ ಪ್ರಯಾಣವಾಯಿತು. ಹೃದಯದ ರಕ್ತನಾಳದಲ್ಲಿ ಒಂದು ಸ್ಟೆಂಟ್ ಕೂಡಿಸಿಕೊಂಡು ಮನೆಗೆ ಬಂದೆ. ಇದರಲ್ಲಿ ವಿಶೇಷವೇನಿಲ್ಲ, ಈ ಸಂಚಿಕೆಯ ಓದುಗರಲ್ಲಿಯೂ ಹಲವರು ಇದನ್ನು ಕಂಡವರೇ. ನೋಡಲು ಬಂದವರಲ್ಲಿ ಅರ್ಧದಷ್ಟು ಜನ, “ಇನ್ನು ಸಾಕು ಕಾಕಾ, ಅಂಗಡಿ ಬಿಟ್ಟು ವಿಶ್ರಾಂತಿ ತಗೊಳ್ಳಿ” ಎಂದರು. ಉಳಿದರ್ಧ ಜನ, “ಕೆಲಸ ಬಿಟ್ಟರೆ ಮನಸ್ಸು ತುಕ್ಕು ಹಿಡಿದೀತು, ಹದಿನೈದು ದಿನಕ್ಕೇ ಗಾದಿಗೆ ಬನ್ನಿ” ಎಂದರು. ಎರಡೂ ಪ್ರೀತಿಯ ಮಾತುಗಳೇ. ಆದರೆ ಎರಡರಲ್ಲಿಯೂ ಉಳಿದ ಆಯುಸ್ಸು ನನ್ನದೇ ಸ್ವಂತ ಆಸ್ತಿ ಎಂಬುದೊಂದು ಗ್ರಹಿಕೆಯಿತ್ತು. ಒಬ್ಬರು ಅದನ್ನು ತಿಜೋರಿಯಲ್ಲಿ ಇಡು ಎನ್ನುತ್ತಿದ್ದರು, ಇನ್ನೊಬ್ಬರು ವ್ಯಾಪಾರದಲ್ಲಿ ತೊಡಗಿಸು ಎನ್ನುತ್ತಿದ್ದರು. ಮಾಲು ಯಾರದೆಂಬ ವಿಚಾರಣೆಯನ್ನು ಯಾರೂ ಮಾಡಿರಲಿಲ್ಲ.

ಈ ವಿಚಾರಣೆಗೆ ದೂರ ಹೋಗಬೇಕಾಗಿಲ್ಲ. ನಮ್ಮ ಚಿಪ್ಪಗಿರಿಯಲ್ಲಿ ಗುಡ್ಡದ ಮೇಲೆ ಪ್ರಾಚೀನ ಜಿನಾಲಯವಿರುವಂತೆಯೇ ಕೆಳಗೆ ವಿಜಯದಾಸರ ಕಟ್ಟೆಯೂ ಇದೆ. ಆದವಾನಿ, ಆಲೂರು ತಾಲೂಕುಗಳು ೧೯೫೩ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದರೂ, ಕಾರ್ತಿಕ ಮಾಸದಲ್ಲಿ ದಾಸರ ಆರಾಧನೆಗೆ ಕನ್ನಡದ ಪದಗಳೇ ಇಲ್ಲಿ ಕೇಳುತ್ತವೆ. ನಾವು ಬೇರೆ ಧರ್ಮದವರು. ಆದರೆ ಒಂದೇ ಕೆರೆಯ ನೀರು ಕುಡಿದವರು ನೆರೆಯವರ ಕಥೆಯನ್ನು ಕೇಳಬಾರದೆಂದು ಯಾವ ಆಗಮದಲ್ಲಿಯೂ ಹೇಳಿಲ್ಲ.

ವಿಜಯದಾಸರು (೧೬೮೨–೧೭೫೫) ಈ ಊರಿನಲ್ಲಿಯೇ ದೇಹವಿಟ್ಟವರು. ಅವರ ಕಾಲದಲ್ಲಿ ಮಾನ್ವಿಯಲ್ಲಿ ಶ್ರೀನಿವಾಸಾಚಾರ್ಯರೆಂಬ ಯುವ ಪಂಡಿತರಿದ್ದರು. ಜನನ ೧೭೨೮, ಬ್ಯಾಗವಾಟ ಗ್ರಾಮ. ಸಂಸ್ಕೃತದಲ್ಲಿ ಪ್ರಕಾಂಡ ಪಾಂಡಿತ್ಯ, ಕನ್ನಡದಲ್ಲಿ ಹಾಡು ಕಟ್ಟುವ ದಾಸರ ಬಗ್ಗೆ ತುಸು ಉಪೇಕ್ಷೆ. ವಿಜಯದಾಸರು ಮಾನ್ವಿಗೆ ಬಂದು ಊಟಕ್ಕೆ ಆಹ್ವಾನಿಸಿದಾಗ ಪಂಡಿತರು ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರೆಂದೂ, ಬಳಿಕ ನಿಜವಾಗಿಯೇ ಘೋರವಾದ ಉದರಶೂಲೆ ಬಂದಿತೆಂದೂ ಸಂಪ್ರದಾಯ ಹೇಳುತ್ತದೆ. ಔಷಧ, ಸೇವೆ, ಕ್ಷೇತ್ರದರ್ಶನ ಯಾವುದರಿಂದಲೂ ಗುಣವಾಗಲಿಲ್ಲ. ಕಡೆಗೆ ವಿಜಯದಾಸರನ್ನೇ ಶರಣು ಹೋದರು. ಅವರು ತಮ್ಮ ಶಿಷ್ಯರಾದ ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ಜೋಳದ ರೊಟ್ಟಿಯನ್ನು ಕೊಟ್ಟು ಉಣ್ಣಿಸಿ, ತಮ್ಮ ಆಯುಸ್ಸಿನಲ್ಲಿ ೪೦ ವರ್ಷಗಳನ್ನು ಧಾರೆಯೆರೆದರಂತೆ. ರೋಗ ನಿಂತಿತು. ಪಂಡಿತರು ಪಂಢರಪುರಕ್ಕೆ ಹೋಗಿ ‘ಜಗನ್ನಾಥವಿಠಲ’ ಎಂಬ ಅಂಕಿತವನ್ನು ಪಡೆದು ಜಗನ್ನಾಥದಾಸರಾದರು. ೧೮೦೯ರವರೆಗೆ ಬದುಕಿದರು.

ರೋಗವು ಶಾಪದಿಂದ ಬಂದಿತೆಂಬುದನ್ನು ನಾನು ಒಪ್ಪಲಾರೆ. ಕಾಯಿಲೆ ಬಿದ್ದವನನ್ನು ಕಂಡು ‘ಏನೋ ಪಾಪ ಮಾಡಿದ್ದಾನೆ’ ಎನ್ನುವ ಬಾಯಿಗಳು ನಮ್ಮಲ್ಲಿಯೂ ಕಡಿಮೆಯಿಲ್ಲ. ಆ ಮಾತಿನಿಂದ ರೋಗಿಗೆ ನೋವು ಇಮ್ಮಡಿಯಾಗುವುದೇ ಹೊರತು ಬೇರೆ ಪ್ರಯೋಜನವಿಲ್ಲ. ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದುದು ಬೇರೊಂದು ಅಂಶ. ವ್ಯಾಪಾರಿಯ ಬುದ್ಧಿಯಿಂದ ವರ್ಷಗಳನ್ನು ಕೂಡಿ ಕಳೆದು ನೋಡೋಣ. ವಿಜಯದಾಸರು ತೀರಿಕೊಂಡುದು ೧೭೫೫ರಲ್ಲಿ. ಹಾಗಾದರೆ ಅವರನ್ನು ಶರಣು ಹೊಕ್ಕಾಗ ಪಂಡಿತರ ವಯಸ್ಸು ೨೭ನ್ನು ಮೀರಿರಲಾರದು. ಅಲ್ಲಿಂದ ಮುಂದೆ ಅರ್ಧ ಶತಮಾನಕ್ಕೂ ಹೆಚ್ಚಿನ ಜೀವಿತ. ಆ ಅವಧಿಯಲ್ಲಿ ಅವರು ತಮ್ಮ ಪಾಂಡಿತ್ಯವನ್ನು ಬಿಸಾಡಲಿಲ್ಲ. ಕಲಿತದ್ದೆಲ್ಲವನ್ನೂ, ತಾವು ಒಂದು ಕಾಲಕ್ಕೆ ಹಗುರವಾಗಿ ಕಂಡ ಕನ್ನಡಕ್ಕೇ ತಂದು ಸುರಿದರು. ‘ಹರಿಕಥಾಮೃತಸಾರ’ವು ಭಾಮಿನೀ ಷಟ್ಪದಿಯಲ್ಲಿರುವ ತತ್ತ್ವಗ್ರಂಥ. ಸಂಸ್ಕೃತ ಬಾರದ ಹೆಂಗಸರೂ ರೈತರೂ ಅದನ್ನು ಇಂದಿಗೂ ಬಾಯಿಪಾಠವಾಗಿ ಹೇಳುತ್ತಾರೆ. ವಿದ್ಯೆ ಹಳೆಯದೇ. ಅದನ್ನು ಯಾರಿಗಾಗಿ ಬಳಸಿದರೆಂಬುದು ಮಾತ್ರ ಬದಲಾಯಿತು.

ಇಲ್ಲಿ ಜೈನನಾದವನಿಗೆ ಒಂದು ಕಠಿಣ ಆಕ್ಷೇಪ ಏಳದಿರದು. ಆಯುಸ್ಸನ್ನು ದಾನ ಮಾಡಲು ಬರುತ್ತದೆಯೇ? ನಮ್ಮ ಸಿದ್ಧಾಂತದಲ್ಲಿ ಆಯುಷ್ಯ ಕರ್ಮವು ಹಿಂದಿನ ಭವದಲ್ಲಿಯೇ ಕಟ್ಟಿಕೊಂಡು ಬಂದದ್ದು. ಅದಕ್ಕೆ ಒಂದು ಕ್ಷಣವನ್ನು ಕೂಡಿಸಲು ಯಾರಿಂದಲೂ ಆಗದು. ಭಗವಾನ್ ಮಹಾವೀರರ ನಿರ್ವಾಣ ಕಾಲದಲ್ಲಿ ಇಂದ್ರನು ಬಂದು, ಗ್ರಹಗತಿ ಕಳೆಯುವವರೆಗೆ ಒಂದು ಕ್ಷಣ ಆಯುಸ್ಸನ್ನು ಮುಂದೂಡಬೇಕೆಂದು ಬೇಡಿದನಂತೆ. ಅದು ಹಿಂದೆ ಆದುದಿಲ್ಲ, ಮುಂದೆ ಆಗುವುದೂ ಇಲ್ಲ ಎಂಬುದು ಭಗವಂತರ ಉತ್ತರವಾಯಿತೆಂದು ಶ್ವೇತಾಂಬರ ಪರಂಪರೆಯ ಹಿರಿಯರು ಹೇಳುತ್ತಾರೆ. ತೀರ್ಥಂಕರರಿಗೇ ಆಗದುದು ಗೋಪಾಲದಾಸರಿಗೆ ಹೇಗಾದೀತು? ವೈದ್ಯರಿಗೆ ತಾನೆ ಹೇಗಾದೀತು?

ನಮ್ಮ ಶಾಸ್ತ್ರಕಾರರು ಇದನ್ನು ಸೂಕ್ಷ್ಮವಾಗಿ ಬಿಡಿಸಿದ್ದಾರೆ. ಆಯುಸ್ಸನ್ನು ಹೆಚ್ಚಿಸಲು ಬಾರದು. ಆದರೆ ನಮ್ಮಂಥ ಸಾಮಾನ್ಯರ ಆಯುಸ್ಸು ವಿಷ, ಶಸ್ತ್ರ, ರೋಗಾದಿ ಕಾರಣಗಳಿಂದ ಅವಧಿಗೆ ಮುನ್ನವೇ ಮುಗಿದುಹೋಗಬಹುದು. ದೀಪದಲ್ಲಿ ಎಣ್ಣೆಯಿದ್ದರೂ ಗಾಳಿಗೆ ನಂದಿದಂತೆ. ವೈದ್ಯನು ಎಣ್ಣೆ ಸುರಿಯುವವನಲ್ಲ, ಗಾಳಿಗೆ ಕೈ ಅಡ್ಡ ಹಿಡಿಯುವವನು. ಹೀಗೆ ತಿಳಿದರೆ ಸಿದ್ಧಾಂತಕ್ಕೂ ಭಂಗವಿಲ್ಲ, ಚಿಕಿತ್ಸೆಗೂ ಅವಮಾನವಿಲ್ಲ.

ಆ ಅಡ್ಡ ಹಿಡಿದ ಕೈಗಳೆಷ್ಟು! ರಕ್ತನಾಳದೊಳಗೆ ಬಲೂನು ತೂರಿಸಿ ಹೃದಯದ ಅಡ್ಡಿಯನ್ನು ತೆರೆಯುವ ಚಿಕಿತ್ಸೆ ಮೊದಲ ಬಾರಿಗೆ ನಡೆದುದು ೧೯೭೭ರ ಸೆಪ್ಟೆಂಬರಿನಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ. ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯರು ಆ ಬಲೂನುಗಳನ್ನು ತಮ್ಮ ಮನೆಯ ಅಡಿಗೆಕೋಣೆಯ ಮೇಜಿನ ಮೇಲೆ ಕೈಯಿಂದ ಮಾಡಿ ಮಾಡಿ ಪರೀಕ್ಷಿಸುತ್ತಿದ್ದರು. ಮೊದಲ ರೋಗಿಗೆ ಆಗ ೩೮ ವರ್ಷ. ಗ್ರುಂಟ್ಸಿಗ್ ಅವರು ೧೯೮೫ರಲ್ಲಿ, ತಮ್ಮ ೪೬ನೆಯ ವಯಸ್ಸಿನಲ್ಲಿ, ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರ ಮೊದಲ ರೋಗಿಯಾದರೋ ಅನಂತರವೂ ಎರಡು ದಶಕಗಳಿಗಿಂತ ಹೆಚ್ಚು ಕಾಲ ಕ್ಷೇಮವಾಗಿದ್ದನು. ಕೊಟ್ಟವನ ಖಾತೆ ಮುಗಿಯಿತು, ಪಡೆದವನ ಖಾತೆ ನಡೆಯಿತು.

ಗೋಪಾಲದಾಸರ ದಾನವನ್ನು ನಾನು ಈಗ ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ನಮ್ಮ ಕೊನೆಗೆ ವರ್ಷಗಳನ್ನು ಕೂಡಿಸುವ ದಾನಿ ಯಾರೂ ಇಲ್ಲದಿರಬಹುದು. ಆದರೆ ತನ್ನ ಆಯುಸ್ಸಿನ ಒಂದು ಭಾಗವನ್ನು ತೆಗೆದು ನಮ್ಮ ಬದುಕಿನ ನಡುವಿಗೆ ಸುರಿಯುವವರು ನಿತ್ಯವೂ ಇದ್ದಾರೆ. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ನನ್ನ ಮಗನು ನಾಲ್ಕು ರಾತ್ರಿ ಕುಳಿತನು. ಆ ನಾಲ್ಕು ರಾತ್ರಿಗಳು ಅವನ ಆಯುಸ್ಸಿನಿಂದ ಕಳೆದವು, ಮತ್ತೆ ಅವನಿಗೆ ಸಿಗುವುದಿಲ್ಲ. ಉಪ್ಪಿಲ್ಲದ ಅಡಿಗೆಯನ್ನು ಬೇರೆಯಾಗಿ ಬೇಯಿಸುವ ಸೊಸೆ ದಿನಕ್ಕೆ ಮುಕ್ಕಾಲು ಗಂಟೆ ಕೊಡುತ್ತಾಳೆ. ವರ್ಷಕ್ಕೆ ಎಷ್ಟಾಯಿತೆಂದು ಕೂಡಿಸಿರಿ: ಸುಮಾರು ೨೭೦ ಗಂಟೆ, ಎಂದರೆ ಹನ್ನೊಂದು ಹಗಲು ಹನ್ನೊಂದು ರಾತ್ರಿ. ಇದು ಆಯುರ್ದಾನವಲ್ಲದೆ ಮತ್ತೇನು? ಜೀವಗಳು ಒಂದಕ್ಕೊಂದು ಉಪಕಾರಿಗಳಾಗಿ ಬಾಳುತ್ತವೆಂದು ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ಹೇಳಿರುವುದನ್ನು ನಾವು ಗೋಡೆಯ ಮೇಲೆ ಬರೆಯಿಸುತ್ತೇವೆ. ಅಡಿಗೆಕೋಣೆಯಲ್ಲಿ ಓದಿಕೊಳ್ಳುವುದು ಕಡಿಮೆ.

ಹಾಗಾದರೆ ಪಡೆದವನ ಕರ್ತವ್ಯವೇನು? ನಮ್ಮ ಕಥೆಗಳಲ್ಲಿ ಒಂದಕ್ಕಿಂತ ಹೆಚ್ಚು ಉತ್ತರಗಳಿವೆ. ಉತ್ತರಾಧ್ಯಯನ ಸೂತ್ರದ ಅನಾಥಿ ಮುನಿಗಳು ಕೌಶಾಂಬಿಯ ಶ್ರೀಮಂತನ ಮಗ. ಕಣ್ಣಿನ ಘೋರ ವೇದನೆಯಿಂದ ತಳಮಳಿಸುವಾಗ ತಂದೆಯ ಹಣ, ತಾಯಿಯ ಕಣ್ಣೀರು, ವೈದ್ಯರ ವಿದ್ಯೆ ಯಾವುದೂ ನೆರವಾಗಲಿಲ್ಲ. ಗುಣವಾದರೆ ದೀಕ್ಷೆ ಪಡೆಯುವೆನೆಂದು ರಾತ್ರಿ ಸಂಕಲ್ಪಿಸಿದರು, ಬೆಳಗಿಗೆ ವೇದನೆ ಇಳಿಯಿತು, ಮನೆಯನ್ನು ಬಿಟ್ಟು ನಡೆದರು. ಅದು ಅತ್ಯುನ್ನತ ಮಾರ್ಗ. ಆದರೆ ಎಲ್ಲರಿಗೂ ಒದಗುವಂಥದಲ್ಲ, ಮತ್ತು ಸ್ಟೆಂಟ್ ಕೂಡಿಸಿಕೊಂಡ ವ್ಯಾಪಾರಿಯು ಅದನ್ನು ತನಗೆ ಹೋಲಿಸಿಕೊಂಡು ಮಾತನಾಡುವುದು ಶೋಭಿಸದು.

ನನಗೆ ಹೆಚ್ಚು ಹತ್ತಿರವಾದುದು ಸಮಂತಭದ್ರಾಚಾರ್ಯರ ವೃತ್ತಾಂತ. ದೇವಚಂದ್ರನು ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡದಲ್ಲಿ ಬರೆದ ‘ರಾಜಾವಳೀ ಕಥೆ’ಯಲ್ಲಿ ಅದು ಬರುತ್ತದೆ. ಆಚಾರ್ಯರಿಗೆ ಭಸ್ಮಕವೆಂಬ ವ್ಯಾಧಿ ತಗುಲಿತು. ಉಂಡುದೆಲ್ಲವೂ ಬೂದಿಯಾಗಿ ಹಸಿವು ಉರಿಯುತ್ತಲೇ ಇರುವ ರೋಗವದು. ದಿನಕ್ಕೊಮ್ಮೆ ಕೈಯಲ್ಲಿ ಆಹಾರ ಸ್ವೀಕರಿಸುವ ದಿಗಂಬರ ಮುನಿಗೆ ಇದಕ್ಕಿಂತ ದೊಡ್ಡ ಸಂಕಟ ಬೇರೆಯಿಲ್ಲ. ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಕೊಡಲಿಲ್ಲ. ನಿನ್ನಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಇನ್ನೂ ಇದೆ, ಮುನಿವೇಷವನ್ನು ಸದ್ಯಕ್ಕೆ ಬಿಟ್ಟು ರೋಗ ಶಮನವಾಗುವಷ್ಟು ಉಣ್ಣು, ಬಳಿಕ ಮತ್ತೆ ದೀಕ್ಷೆ ಪಡೆ, ಎಂದರು. ಆಚಾರ್ಯರು ಹಾಗೆಯೇ ನಡೆದರು. ತಿಂಗಳುಗಟ್ಟಲೆ ಉಂಡು ಗುಣವಾಗಿ ಮರಳಿ ಮುನಿಗಳಾದರು. ಚತುರ್ವಿಂಶತಿ ತೀರ್ಥಂಕರರನ್ನು ಸ್ತುತಿಸುವ ಸ್ವಯಂಭೂಸ್ತೋತ್ರವು ಆ ಪ್ರಸಂಗದಲ್ಲಿಯೇ ಹೊಮ್ಮಿತೆಂದು ಪ್ರತೀತಿ.

ಇದರಲ್ಲಿ ಎಷ್ಟು ದೊಡ್ಡ ವಿಚಾರ ಅಡಗಿದೆ ನೋಡಿ. ಶ್ರಾವಕರಿಗೆ ಸಲ್ಲೇಖನದ ಲಕ್ಷಣವನ್ನು ಹೇಳುವ ‘ರತ್ನಕರಂಡಕ ಶ್ರಾವಕಾಚಾರ’ವನ್ನು ಪರಂಪರೆಯು ಇದೇ ಸಮಂತಭದ್ರರದೆಂದು ಮಾನ್ಯ ಮಾಡಿದೆ. ಪ್ರತೀಕಾರವೇ ಇಲ್ಲದ ರೋಗ, ಜರೆ, ಕ್ಷಾಮ, ಉಪಸರ್ಗಗಳಲ್ಲಿ ಮಾತ್ರ ಅದು ವಿಹಿತವೆಂದು ಅಲ್ಲಿ ಹೇಳಿದೆ. ಪ್ರತೀಕಾರವುಳ್ಳ ರೋಗದಲ್ಲಿ ದೇಹವನ್ನು ಬಿಡುವುದು ತ್ಯಾಗವಲ್ಲ. ಇಲ್ಲಿ ಗುರುಗಳು ದೇಹವನ್ನು ಉಳಿಸೆಂದರು, ಆದರೆ ದೇಹಕ್ಕಾಗಿ ಉಳಿಸೆನ್ನಲಿಲ್ಲ. ಆಗಬೇಕಾದ ಕಾರ್ಯವಿದೆ ಎಂಬುದು ಕಾರಣ. ವಿಶ್ರಾಂತಿ ಎಂಬುದು ಗುರಿಯಾಗಿರಲಿಲ್ಲ, ದಾರಿಯ ನಡುವಿನ ಛತ್ರವಾಗಿತ್ತು.

ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥದಲ್ಲಿ ಸ್ವಾಸ್ಥ್ಯವನ್ನು ಪಾರಮಾರ್ಥಿಕ, ವ್ಯಾವಹಾರಿಕವೆಂದು ಎರಡಾಗಿ ವಿಂಗಡಿಸಿದ್ದಾರೆ. ಇಂದಿನ ನಮ್ಮ ಪ್ರಯೋಗಶಾಲೆಗಳು ಎರಡನೆಯದನ್ನು ಮಾತ್ರ ಅಳೆಯುತ್ತವೆ. ಅದೂ ಬೇಕಾದುದೇ.

ಪಥ್ಯದ ವಿಷಯದಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ವೈದ್ಯರು ನನಗೆ ಹೇಳಿದುದು: ಮಿತಾಹಾರ, ರಾತ್ರಿಯ ಊಟ ಬೇಗ, ಪ್ರಯಾಣ ಕಡಿಮೆ, ಕರಿದುದು ವರ್ಜ್ಯ. ಇವುಗಳಲ್ಲಿ ಹೊಸದೇನಿದೆ? ಸೂರ್ಯಾಸ್ತದ ಮೊದಲು ಊಟ, ದಿಗ್‌ವ್ರತ, ಭೋಗೋಪಭೋಗ ಪರಿಮಾಣ ಎಂದು ನಮ್ಮ ತಾಯಂದಿರು ಯಾವ ರಿಪೋರ್ಟೂ ಇಲ್ಲದೆ ನಡೆಸಿಕೊಂಡು ಬಂದುವೇ. ತಟ್ಟೆಯಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ಆದರೆ ಭಯದಿಂದ ಬಂದ ನಿಯಮವು ಭಯವಿರುವಷ್ಟೇ ದಿನ. ರಿಪೋರ್ಟ್ ನಾರ್ಮಲ್ ಎಂದು ಬಂದ ಸಂಜೆಯೇ ಮೆಣಸಿನಕಾಯಿ ಬಜ್ಜಿಯ ಬಂಡಿಯ ಮುಂದೆ ನಿಂತ ಮಹನೀಯರನ್ನು ಆದವಾನಿಯ ಬೀದಿಗಳಲ್ಲಿ ಕಂಡಿದ್ದೇನೆ. ಹೆಸರು ಹೇಳುವುದಿಲ್ಲ, ಅವರೂ ಈ ಸಂಚಿಕೆಯನ್ನು ಓದುತ್ತಾರೆ. ಬಲವಂತದಿಂದ ಸಹಿಸಿದ ಹಸಿವಿಗೆ ಅಕಾಮ ನಿರ್ಜರೆಯೆಂದೂ, ಸಂಕಲ್ಪದಿಂದ ಸಹಿಸಿದುದಕ್ಕೆ ಸಕಾಮ ನಿರ್ಜರೆಯೆಂದೂ ಹಿರಿಯರು ಬೇರೆ ಬೇರೆ ಹೆಸರಿಟ್ಟುದು ಸುಮ್ಮನೆ ಅಲ್ಲ. ಒಂದೇ ಉಪವಾಸ, ಎರಡು ಫಲ.

ಕೆಲಸದ ವಿಷಯವೂ ಹಾಗೆಯೇ. ದುಡಿಮೆಯಲ್ಲಿ ಪರಿಗ್ರಹವೆಷ್ಟು, ಕೌಶಲವೆಷ್ಟು ಎಂಬುದನ್ನು ಬೇರ್ಪಡಿಸಿ ನೋಡಬೇಕು. ನಲವತ್ತು ವರ್ಷ ಮಾರುಕಟ್ಟೆಯಲ್ಲಿದ್ದವನು ಒಂದು ಹಿಡಿ ಹತ್ತಿಯನ್ನು ಎಳೆದು ನೋಡಿ ಎಳೆಯ ಉದ್ದವನ್ನೂ ತೇವವನ್ನೂ ಹೇಳಬಲ್ಲನು. ಅದು ಕೌಶಲ. ಅದರಿಂದ ಮತ್ತೊಂದು ಗೋದಾಮನ್ನು ಕಟ್ಟಲೇಬೇಕೆಂಬುದು ಪರಿಗ್ರಹ. ಎರಡನೆಯದಕ್ಕೆ ಮಿತಿ ಹಾಕಿಕೊಂಡರೆ ಮೊದಲನೆಯದೂ ಹೋಗಬೇಕೆಂದೇನಿಲ್ಲ. ನಮ್ಮಲ್ಲಿ ಅಂಗಡಿ ಬಿಟ್ಟ ಹಿರಿಯರು ಕೌಶಲವನ್ನೂ ಅಂಗಡಿಯಲ್ಲಿಯೇ ಬಿಟ್ಟು ಬರುತ್ತಾರೆ. ಮನೆಯಲ್ಲಿ ಟಿ.ವಿ.ಯ ಮುಂದೆ ಕುಳಿತು ತಮ್ಮ ನಾಡಿಯನ್ನು ತಾವೇ ಹಿಡಿದು ನೋಡಿಕೊಳ್ಳುತ್ತಾರೆ. ಕಾವಲುಗಾರನಿದ್ದಾನೆ, ಮನೆಯೊಳಗೆ ಯಾರೂ ಇಲ್ಲ.

ಫ್ರಾನ್ಸ್ ದೇಶದ ಚಿತ್ರಕಾರ ಆನ್ರಿ ಮಾತಿಸ್ (೧೮೬೯–೧೯೫೪) ಒಬ್ಬ ಧಾನ್ಯದ ವ್ಯಾಪಾರಿಯ ಮಗ. ಕಾನೂನು ಓದಿ ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ಅಪೆಂಡಿಸೈಟಿಸ್ ಆಗಿ ಹಾಸಿಗೆ ಹಿಡಿದನು. ಹೊತ್ತು ಹೋಗಲೆಂದು ತಾಯಿ ಬಣ್ಣದ ಪೆಟ್ಟಿಗೆಯನ್ನು ತಂದುಕೊಟ್ಟಳು. ಚಿತ್ರಕಾರನಾದುದು ಅಲ್ಲಿಂದ. ೧೯೪೧ರಲ್ಲಿ, ೭೧ನೆಯ ವಯಸ್ಸಿನಲ್ಲಿ, ಹೊಟ್ಟೆಯ ಕ್ಯಾನ್ಸರಿಗೆ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ಮುಂದೆ ಹೆಚ್ಚು ಹೊತ್ತು ನಿಂತು ಚಿತ್ರ ಬರೆಯಲು ಆಗದಂತಾಯಿತು. ಆಗ ಕುಂಚವನ್ನು ಬದಿಗಿಟ್ಟು ಕತ್ತರಿಯನ್ನು ಹಿಡಿದನು. ಸಹಾಯಕರು ಬಣ್ಣ ಬಳಿದುಕೊಟ್ಟ ಕಾಗದಗಳನ್ನು ಹಾಸಿಗೆಯಲ್ಲಿಯೋ ಗಾಲಿಕುರ್ಚಿಯಲ್ಲಿಯೋ ಕುಳಿತು ಕತ್ತರಿಸಿ, ಗೋಡೆಯ ಮೇಲೆ ಜೋಡಿಸಿ, ಹದಿಮೂರು ವರ್ಷ ಹೊಸ ಬಗೆಯ ಕಲೆಯನ್ನು ಮಾಡಿದನು. ಈ ಕಾಲವನ್ನು ಅವನು ತನ್ನ ಎರಡನೆಯ ಜೀವನವೆಂದು ಕರೆಯುತ್ತಿದ್ದನು. ನಮ್ಮ ಬಟ್ಟೆ ಅಂಗಡಿಯ ಬಂಧುಗಳಿಗೆ ಕತ್ತರಿಯ ಮಾತು ಹಿತವಾದೀತೆಂದು ಇದನ್ನು ಹೇಳಿದೆ.

ಸೃಜನಶೀಲತೆ ಎಂದೊಡನೆ ಅದು ಕವಿಗಳ ಸೊತ್ತೆಂದು ನಾವು ಕೈಬಿಡುತ್ತೇವೆ. ನಿಜವಾಗಿ ನೋಡಿದರೆ ಬಸದಿಯಲ್ಲಿ ಅಕ್ಕಿಯಿಂದ ಸ್ವಸ್ತಿಕ ಬರೆಯುವ ಅಜ್ಜಿಯ ಕೈಯಲ್ಲಿಯೂ, ಮರೆತುಹೋಗುತ್ತಿರುವ ಸ್ತವನದ ಧಾಟಿಯನ್ನು ಹಿಡಿದಿಟ್ಟುಕೊಂಡಿರುವ ಅತ್ತೆಯ ಕಂಠದಲ್ಲಿಯೂ ಅದಿದೆ. ಅವರು ಕಾಯಿಲೆ ಬಿದ್ದು ಎದ್ದರೆ ನಾವು ಮಾತ್ರೆಯ ಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸುತ್ತೇವೆ. ಆ ಧಾಟಿಯನ್ನು ಕಲಿಯಲು ಅವರ ಮಗ್ಗುಲಲ್ಲಿ ಯಾರನ್ನೂ ಕೂರಿಸುವುದಿಲ್ಲ.

ನನ್ನ ಮಟ್ಟಿಗೆ, ಮಧ್ಯಾಹ್ನ ಒಂದು ಗಂಟೆಯವರೆಗೆ ಅಂಗಡಿ ಎಂದು ಮಿತಿ ಹಾಕಿಕೊಂಡಿದ್ದೇನೆ. ಹೊಸ ಗೋದಾಮಿನ ವಿಚಾರವನ್ನು ಮಕ್ಕಳಿಗೆ ಬಿಟ್ಟಿದ್ದೇನೆ, ಅವರೂ ಸದ್ಯಕ್ಕೆ ಸುಮ್ಮನಿದ್ದಾರೆ. ಸಂಜೆ ಬೇಗ ಊಟ, ಅದಕ್ಕೆ ಮುನ್ನ ಗುಡ್ಡದ ಬುಡದವರೆಗೆ ನಡಿಗೆ. ಊಟವಾಗಿ ಒರಗಿದ ಮೇಲೆ, ಮೂರರಿಂದ ಐದರವರೆಗೆ ಹಳೆಯ ಖಾತೆ ಪುಸ್ತಕವೊಂದರಲ್ಲಿ ಉಳಿದಿದ್ದ ಖಾಲಿ ಹಾಳೆಗಳಲ್ಲಿ ನಮ್ಮ ಮಾರುಕಟ್ಟೆಯ ಮಾತುಗಳನ್ನು ಬರೆಯುತ್ತಿದ್ದೇನೆ. ಮಣ, ಸೇರು, ಧಡೆಯದ ತೂಕಗಳು ೧೯೫೬ರ ಕಾಯಿದೆಯ ಬಳಿಕ ಮೆಟ್ರಿಕ್ ಪದ್ಧತಿಗೆ ದಾರಿ ಬಿಟ್ಟವು. ಹತ್ತಿಯ ಕ್ಯಾಂಡಿ ಮಾತ್ರ ಸುಮಾರು ೩೫೬ ಕಿಲೋಗ್ರಾಂ ಎಂಬ ವಿಚಿತ್ರ ಲೆಕ್ಕದಲ್ಲಿ ಇಂದಿಗೂ ಉಳಿದಿದೆ. ಒಂದೇ ಮಾಲಿಗೆ, ಒಂದೇ ದೋಷಕ್ಕೆ, ಹಮಾಲರು ಒಂದು ಹೆಸರು, ರೈತರು ಒಂದು ಹೆಸರು, ಸೇಠಜೀಗಳು ಇನ್ನೊಂದು ಹೆಸರು ಹೇಳುತ್ತಾರೆ. ಇವುಗಳನ್ನು ಬಲ್ಲ ಹಳಬರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅಂದು ನನ್ನನ್ನು ನೆರಳಿಗೆ ಎತ್ತಿಕೊಂಡು ಹೋದ ಹಮಾಲರಲ್ಲಿ ಹಿರಿಯರೊಬ್ಬರು ವಾರಕ್ಕೊಮ್ಮೆ ಬಂದು ತಮಗೆ ನೆನಪಾದುದನ್ನು ಹೇಳಿ ಬರೆಯಿಸುತ್ತಾರೆ. ಅವರು ಓದು ಬಾರದವರು. ಬರೆದುದನ್ನು ಓದಿ ಹೇಳಿದರೆ ತಿದ್ದುತ್ತಾರೆ, ಬಹಳ ಕಟ್ಟುನಿಟ್ಟಾಗಿ ತಿದ್ದುತ್ತಾರೆ.

ಪ್ರತಿ ಹಾಳೆಯಲ್ಲಿ ಕನ್ನಡ, ತೆಲುಗು, ಮಾರವಾಡಿ ಎಂದು ಮೂರು ಅಂಕಣಗಳನ್ನು ಹಾಕಿಕೊಂಡಿದ್ದೆನು. ಮೊನ್ನೆ ಮೊಮ್ಮಗಳು ನೋಡಿ, “ತಾತಾ, ಗುಜರಾತಿ ಯಾಕಿಲ್ಲ? ನಮ್ಮ ಬಸದಿಗೆ ಅವರೂ ಬರ್ತಾರಲ್ಲ” ಎಂದು ಕೇಳಿದಳು. ಅವಳಿಂದಲೇ ನಾಲ್ಕನೆಯ ಗೆರೆಯನ್ನು ಎಳೆಯಿಸಿದೆನು. ಆ ಅಂಕಣ ಇನ್ನೂ ಖಾಲಿಯಿದೆ. ಹತ್ತಿ, ಶೇಂಗಾ ವ್ಯಾಪಾರದ ಹಳೆಯ ಗುಜರಾತಿ ಮಾತುಗಳನ್ನು ಬಲ್ಲ ಬಂಧುಗಳು ಉತ್ಸವದ ದಿನಗಳಲ್ಲಿ ಮಧ್ಯಾಹ್ನ ಮೂರರ ಮೇಲೆ ಬಸದಿಯ ಜಗಲಿಯ ಮೇಲೆ ಸಿಕ್ಕರೆ, ಪುಸ್ತಕವನ್ನು ತಂದಿರುತ್ತೇನೆ.